ಮೇಜಿನ ಮೇಲಿನ ವಾಟರ್‌ಲೂ

ವಾಟರ್‌ಲೂವಿನಲ್ಲಿ ನೆಪೋಲಿಯನ್ನನು ಸೋತುದಕ್ಕೆ ಕಾರಣಗಳನ್ನು ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲೆವು. ಒಪ್ಪಿಸುತ್ತ ಹೋದಂತೆ, ಅವನಿಗೆ ಸೋಲದೆ ಗತ್ಯಂತರವೇ ಇರಲಿಲ್ಲವೆಂಬ ಭಾವನೆ ನೆಲೆಯೂರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಅದೇ ಕದನವನ್ನು ಬಣ್ಣದ ಬೊಂಬೆ ಸೈನಿಕರಿಂದ ಮೇಜಿನ ಮೇಲೆ ಮತ್ತೆ ಮತ್ತೆ ಆಡಿ ನೋಡುವ ಹವ್ಯಾಸಿಗಳಿದ್ದಾರೆ. ಅವರಿಗೆ ಈ ಸೋಲು ಅಷ್ಟು ನಿಶ್ಚಿತವೆಂದು ತೋರುವುದಿಲ್ಲ. ನಾನು ಈ ಆಟವನ್ನು ಆಡಿದವನಲ್ಲ; ಅದರ ನಿಯಮಗಳನ್ನು ಓದಿ ಬೆರಗಾದವನು ಮಾತ್ರ.

ಈ ಆಟಕ್ಕೆ ನಮ್ಮ ಚದುರಂಗವೇ ಮುತ್ತಜ್ಜ. 1780ರಲ್ಲಿ ಜರ್ಮನಿಯ ಹೆಲ್ವಿಗ್ ಎಂಬಾತನು ಚದುರಂಗದ ಮಣೆಯನ್ನು ಹಿಗ್ಗಿಸಿ, ನೆಲ ನೀರು ಗುಡ್ಡಗಳಿಗೆ ತಕ್ಕಂತೆ ಅದರ ಮನೆಗಳಿಗೆ ಬಣ್ಣ ಕೊಟ್ಟನು. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್, ತನ್ನ ತಂದೆ ಆರಂಭಿಸಿದ್ದ ಆಟವನ್ನು ತಿದ್ದಿ, ಭೂಪಟ, ದಾಳ, ಉಭಯ ಪಕ್ಷಗಳ ನಡುವೆ ಒಬ್ಬ ಮಧ್ಯಸ್ಥ, ಇವಿಷ್ಟನ್ನು ಕೂಡಿಸಿ ಪ್ರಕಟಿಸಿದನು. ಪ್ರಷ್ಯದ ಸೈನ್ಯದಲ್ಲಿ ಅದು ಅಧಿಕಾರಿಗಳ ಶಿಕ್ಷಣದ ಭಾಗವೇ ಆಯಿತು. ಬೊಂಬೆ ಸೈನಿಕರ ಆಟಕ್ಕೆ 1913ರಲ್ಲಿ ನಿಯಮ ಕಟ್ಟಿಕೊಟ್ಟವನು ಕಾದಂಬರಿಕಾರ ಎಚ್. ಜಿ. ವೆಲ್ಸ್.

ಬೊಂಬೆಗಳು ಸಾಮಾನ್ಯವಾಗಿ ಒಂದಂಗುಲ ಎತ್ತರದವು. ಫ್ರೆಂಚರಿಗೆ ನೀಲಿ ಅಂಗಿ, ಬ್ರಿಟಿಷರಿಗೆ ಕೆಂಪು. ಗುಂಡಿಗಳಿಗೂ ಬಣ್ಣ ತಪ್ಪುವಂತಿಲ್ಲ. ಒಂದೊಂದು ಬೊಂಬೆ ಇಪ್ಪತ್ತೋ ಮೂವತ್ತೋ ನಿಜ ಸೈನಿಕರಿಗೆ ಸಮ. ನಡಿಗೆಯನ್ನು ಟೇಪು ಹಿಡಿದು ಅಳೆಯುತ್ತಾರೆ.

ಆಟದ ಸ್ವಾರಸ್ಯವಿರುವುದು ವ್ಯೂಹದಲ್ಲಿ. ಕಾಲಾಳುಗಳನ್ನು ಉದ್ದ ಸಾಲಿನಲ್ಲಿ ನಿಲ್ಲಿಸಿದರೆ ಎಲ್ಲ ಬಂದೂಕುಗಳೂ ಒಟ್ಟಿಗೆ ಹಾರುತ್ತವೆ. ಆದರೆ ಕುದುರೆ ದಂಡು ನುಗ್ಗಿತೆಂದರೆ ಸಾಲು ನುಚ್ಚುನೂರು. ಚೌಕವಾಗಿ ನಿಂತು ನಾಲ್ಕೂ ಕಡೆಗೆ ಬಯೊನೆಟ್ ಚಾಚಿದರೆ ಕುದುರೆ ಹತ್ತಿರ ಬಾರದು. ಆದರೆ ಆ ಒತ್ತೊತ್ತಾದ ಚೌಕ ಫಿರಂಗಿಗೆ ಹಬ್ಬದೂಟ. ಗುಡ್ಡದ ಆಚೆ ಏನಿದೆಯೆಂದು ತಿಳಿಯುವ ಮೊದಲೇ ಆಟಗಾರನು ಯಾವುದಾದರೊಂದನ್ನು ಆರಿಸಬೇಕು. ಧೈರ್ಯಕ್ಕೂ ಇಲ್ಲಿ ಲೆಕ್ಕವುಂಟು. ಬಹಳ ಬೊಂಬೆಗಳನ್ನು ಕಳೆದುಕೊಂಡ ಪಡೆ ನಿಲ್ಲುವುದೋ ಓಡುವುದೋ ಎಂಬುದನ್ನು ದಾಳ ಹೇಳುತ್ತದೆ.

ಇನ್ನು ವಾಟರ್‌ಲೂವಿಗೆ ಬರೋಣ. 1815ರ ಜೂನ್ 18. ಹಿಂದಿನ ರಾತ್ರಿಯ ಮಳೆಯಿಂದ ನೆಲವೆಲ್ಲ ಕೆಸರು. ನೆಪೋಲಿಯನ್ನನು ಯುದ್ಧ ಆರಂಭಿಸಿದಾಗ ಮಧ್ಯಾಹ್ನ ಸಮೀಪಿಸಿತ್ತು. ಎರಡು ದಿನಗಳ ಹಿಂದೆ ಲಿನ್ಯಿಯಲ್ಲಿ ಸೋತಿದ್ದ ಪ್ರಷ್ಯನರನ್ನು ಅಟ್ಟಿಕೊಂಡು ಹೋದ ಗ್ರೂಷಿ, ಸುಮಾರು 33,000 ಸೈನಿಕರೊಡನೆ ದೂರದ ವಾವ್ರ್‌ನಲ್ಲಿದ್ದನು. ಇತ್ತ ಬ್ಲೂಷರನ ಪ್ರಷ್ಯನರು ಸಂಜೆ ನಾಲ್ಕರ ಮೇಲೆ ಪೂರ್ವದಿಂದ ಬಂದು ಬಿದ್ದರು.

ಆಟದಲ್ಲಿ ನೆಪೋಲಿಯನ್ ಆದವನಿಗೆ ಇದೆಲ್ಲ ಮೊದಲೇ ಗೊತ್ತು! ಅವನು ಬೆಳಿಗ್ಗೆಯೇ ಪೂರ್ವದ ಕಡೆಗೆ ಪಡೆ ನಿಲ್ಲಿಸಿಬಿಟ್ಟರೆ ಅದು ವಾಟರ್‌ಲೂ ಹೇಗಾದೀತು? ಆದ್ದರಿಂದ ಜಾಣ ಮಧ್ಯಸ್ಥನು ಊರುಗಳ ಹೆಸರನ್ನೇ ಬದಲಾಯಿಸಿ, ಇದು ಯಾವ ಕದನವೆಂಬುದನ್ನು ಮರೆಸುತ್ತಾನೆ. ಇಲ್ಲವೆ ಪ್ರಷ್ಯನರು ಬರುವ ಗಳಿಗೆಯನ್ನು ದಾಳಕ್ಕೆ ಬಿಡುತ್ತಾನೆ. ನನಗೆ ಎರಡನೆಯದೇ ಮೆಚ್ಚು. ಸಂಜೆ ಆರರ ಹೊತ್ತಿಗೆ ಬ್ರಿಟಿಷ್ ಸಾಲಿನ ನಡುವಿನ ಲಾ ಎ ಸ್ಯಾಂತ್ ತೋಟದ ಮನೆ ಫ್ರೆಂಚರ ಕೈಸೇರಿದೆ. ವೆಲಿಂಗ್ಟನ್ನನ ಬಳಿ ಹೊಸ ಪಡೆ ಹೆಚ್ಚಿಲ್ಲ. ಪ್ರತಿ ಸರದಿಗೂ ಮಧ್ಯಸ್ಥನು ದಾಳ ಉರುಳಿಸುತ್ತಾನೆ. ಮೇಜಿನ ಪೂರ್ವದ ಅಂಚು ಇನ್ನೂ ಬರಿದು.