ಮಗ್ಗ ಕಾಣದ ಬೆಟ್ಟ

ಉಣ್ಣೆಯ ಸ್ವೆಟರನ್ನು ವಾಷಿಂಗ್ ಮೆಷಿನ್ನಿನ ಬಿಸಿನೀರಿಗೆ ಹಾಕಿ ಪೆಟ್ಟು ತಿಂದವರಿಗೆ ಗೊತ್ತು: ಹಾಕುವಾಗ ಅಪ್ಪನದು, ತೆಗೆಯುವಾಗ ಮಗನದು. ದಪ್ಪಗೆ, ಒತ್ತಾಗಿ, ಎಷ್ಟು ಎಳೆದರೂ ಹಿಗ್ಗದ ಸ್ಥಿತಿಗೆ ಬಂದಿರುತ್ತದೆ. ಈ ಅನಾಹುತವನ್ನು ಬೇಕೆಂದೇ ಮಾಡಿದರೆ ಅದು ಫೆಲ್ಟ್. ನೂಲುವುದಿಲ್ಲ, ನೇಯುವುದೂ ಇಲ್ಲ. ಉಣ್ಣೆಯ ಎಳೆಯ ಮೈತುಂಬ ಮೀನಿಗಿರುವಂತೆ ಹುರುಪೆಗಳಿವೆ. ಬಿಸಿನೀರು, ಸಾಬೂನು ಸೋಕಿದರೆ ಅವು ಏಳುತ್ತವೆ; ಉಜ್ಜಿದಷ್ಟೂ ಎಳೆಗೆ ಎಳೆ ಸಿಕ್ಕಿಕೊಂಡು ಜಡೆಗಟ್ಟುತ್ತದೆ. ಆಮೇಲೆ ಬಿಡಿಸಲು ಬರುವುದಿಲ್ಲ.

ಕಿರ್ಗಿಸ್ತಾನದ ಹೆಂಗಸರು ಬಣ್ಣದ ಉಣ್ಣೆಯನ್ನು ಜೊಂಡಿನ ಚಾಪೆಯ ಮೇಲೆ ಹರಡಿ, ಬಿಸಿನೀರು ಸುರಿದು, ಸುತ್ತಿ ಉರುಳಿಸಿ ‘ಅಲಾ ಕಿಯಿಜ್’ ಎಂಬ ಹಾಸು ಮಾಡುತ್ತಾರೆ. ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಯುನೆಸ್ಕೊ ಅದನ್ನು 2012ರಲ್ಲಿ ಸೇರಿಸಿತು. ಗೋಡೆಗೆ ತೂಗುವ ಫೆಲ್ಟ್ ಕೂಡ ಬಹಳ ಹಳೆಯದು. ಸೈಬೀರಿಯಾದ ಪಜಿರಿಕ್ ಸಮಾಧಿಯೊಂದರಿಂದ ಪುರಾತತ್ವಜ್ಞ ರುಡೆಂಕೊ 1949ರಲ್ಲಿ ತೆಗೆದ ದೊಡ್ಡ ಚಿತ್ರಪಟದಲ್ಲಿ ಕುದುರೆ ಸವಾರ, ಕುಳಿತ ದೇವತೆ ಇದ್ದಾರೆ. ಹಿಮದಲ್ಲಿ ಎರಡು ಸಾವಿರ ವರ್ಷಕ್ಕೂ ಮೀರಿ ಉಳಿದದ್ದು ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜಿನಲ್ಲಿದೆ.

ನನ್ನದು ಅಷ್ಟು ದೊಡ್ಡ ಆಸೆಯಲ್ಲ. ಚಾರ್ಮಾಡಿ ಘಾಟಿಯ ಜುಲೈ ಬೆಳಗೊಂದು ಗೋಡೆಯ ಮೇಲೆ ಬೇಕಿತ್ತು. ಎರಡಡಿ ಅಗಲ, ಒಂದೂವರೆ ಅಡಿ ಎತ್ತರ ಬೇಕಿದ್ದರೆ ಹಾಸಬೇಕಾದದ್ದು ಮೂರಡಿ, ಎರಡೂಕಾಲು ಅಡಿ. ಮೂರನೇ ಒಂದು ಪಾಲು ನೀರಿಗೆ ಕೊಟ್ಟುಬಿಡಬೇಕು. ಮೊದಲು ಬಿಳಿ ಮೆರಿನೊ ಉಣ್ಣೆಯನ್ನು ತೆಳ್ಳಗೆ ಹಿಂಜಿ ಅಡ್ಡ ಒಂದು ಪದರ, ಉದ್ದ ಒಂದು ಪದರ. ಅದರ ಮೇಲೆ ಚಿತ್ರ: ದೂರದ ಬೆಟ್ಟಕ್ಕೆ ಬೂದುನೀಲಿ, ಹತ್ತಿರದ್ದಕ್ಕೆ ಕಡುಹಸಿರು, ಬಂಡೆಗೆ ನಮ್ಮ ದಖನಿ ಕುರಿಯ ಕರಿ ಉಣ್ಣೆ. ಒರಟು ಎಳೆಯ ಈ ಉಣ್ಣೆ ಸುಲಭಕ್ಕೆ ಜಡೆಗಟ್ಟುವುದಿಲ್ಲ. ಕುರುಬರು ಅದನ್ನು ನೂತು, ನೇಯ್ದು, ಹುಣಸೆಬೀಜದ ಗಂಜಿ ಕೊಟ್ಟು ಕಂಬಳಿ ಮಾಡಿದ್ದು ಉಣ್ಣೆಯ ಗುಣ ಅರಿತೇ. ನಾನು ಮಾತ್ರ ಮೆರಿನೊ ನಡುವೆ ಚೂರುಚೂರೇ ಸಿಕ್ಕಿಸಿದೆ.

ಮೇಲೆ ಬಲೆ ಹೊದಿಸಿ, ಸಾಬೂನು ನೀರು ಚಿಮುಕಿಸಿ, ಅಂಗೈಯಿಂದ ಮೆಲ್ಲಗೆ ಸವರಬೇಕು. ಅವಸರಪಟ್ಟರೆ ಬೆಟ್ಟವೇ ಜಾರಿ ಕಣಿವೆಗೆ ಬರುತ್ತದೆ, ನನಗೆ ಬಂತು. ಎಳೆಗಳು ಹಿಡಿದುಕೊಂಡ ಮೇಲೆ ಚಾಪೆಯಲ್ಲಿ ಸುತ್ತಿ ಉರುಳಿಸುವುದು, ಬಿಚ್ಚಿ ತಿರುಗಿಸಿ ಮತ್ತೆ ಉರುಳಿಸುವುದು. ನೂರು, ಇನ್ನೂರು, ಮುನ್ನೂರು. ತೋಳು ಸೋತು ಹೋಗುತ್ತದೆ.

ಮಂಜು ಮಾಡುವುದು ಹೇಗೆಂದು ತುಂಬ ತಲೆಕೆಡಿಸಿಕೊಂಡಿದ್ದೆ. ಮಾಡಬೇಕಾಗಲೇ ಇಲ್ಲ. ಬೆಟ್ಟದ ನೆತ್ತಿಗೆ ಜೇಡರಬಲೆಯಷ್ಟು ತೆಳ್ಳಗೆ ಬಿಳಿ ಎಳೆದಿದ್ದೆ, ಅಷ್ಟೇ. ಉರುಳಿಸುತ್ತ ಹೋದಂತೆ ಕೆಳಗಿನ ಹಸಿರು ಬಿಳಿಯೊಳಗಿಂದ ತೂರಿ ಬಂತು. ಎಲ್ಲಿ ಮೋಡ ಮುಗಿದು ಎಲ್ಲಿ ಕಾಡು ಶುರುವಾಯಿತೆಂದು ಬೆರಳಿಟ್ಟು ತೋರಿಸಲಾಗದು. ಕುಂಚದಲ್ಲಿ ನನಗೆ ಎಂದೂ ಒಲಿಯದ ಅಂಚು ಇದು. ನೆಟ್ಟಗಿನ ಗೆರೆ ಮಾತ್ರ ಉಣ್ಣೆಗೆ ಆಗಿಬರದು: ನಾನಿಟ್ಟ ವಿದ್ಯುತ್ ಕಂಬ ಒಣಗಿದ ಹುರುಳಿಕಾಯಿಯಂತಾಯಿತು. ಕಂಬ, ಮನೆ, ರಸ್ತೆ ಬೇಕೆನ್ನುವವರು ಬಣ್ಣದ ಪೆಟ್ಟಿಗೆ ತೆಗೆಯಲಿ.

ಸಾಬೂನು ಪೂರ್ತಿ ಹೋಗುವಂತೆ ತೊಳೆದು, ಕೊನೆಯ ನೀರಿಗೆ ಒಂದು ಚಮಚ ವಿನೆಗರ್ ಬೆರೆಸಿ, ಟವೆಲಿನಲ್ಲಿ ಒತ್ತಿ ಚಪ್ಪಟೆಯಾಗಿ ಒಣಗಿಸಿ. ಹಿಂದೆ ಬಿದಿರಿನ ಕಡ್ಡಿ ಹೊಲಿದರೆ ತೂಗುಹಾಕಬಹುದು. ಮಳೆಗಾಲ ಮುಗಿದೊಡನೆ ಇಳಿಸಿ ಕೊಡವಲು ಮರೆಯಬೇಡಿ. ಉಣ್ಣೆಯ ಬೆಟ್ಟವನ್ನು ನುಸಿ ಬಲು ಬೇಗ ತಿನ್ನುತ್ತದೆ.