ನೀರು ಬಂತು, ಕೇಳುವವರು ಬರಲಿಲ್ಲ

ವಿಜ್ಞಾನ ಕೈಮೀರಿದರೆ ಮನುಷ್ಯನ ಗತಿ ಏನು? ಈ ಪ್ರಶ್ನೆ ಕೇಳುವ ಕಾದಂಬರಿಗಳೆಂದರೆ ನನಗೆ ಇಷ್ಟ. ‘ಫ್ರಾಂಕೆನ್‌ಸ್ಟೈನ್’ 1818ರಲ್ಲಿ ಪ್ರಕಟವಾದಾಗ ಅದನ್ನು ಬರೆದ ಮೇರಿ ಶೆಲ್ಲಿಗೆ ಬರೀ 20 ವರ್ಷ, ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಅದರಲ್ಲಿ ಯುವ ವಿಜ್ಞಾನಿಯೊಬ್ಬ ಜೀವಿಯೊಂದನ್ನು ಸೃಷ್ಟಿಸುತ್ತಾನೆ. ಅದು ಕಣ್ಣು ಬಿಟ್ಟೊಡನೆ ಹೆದರಿ ಓಡಿಹೋಗುತ್ತಾನೆ. ದಿಕ್ಕಿಲ್ಲದ ಆ ಜೀವಿ ಮುಂದೆ ಅವನ ಮನೆಯವರನ್ನೇ ಬಲಿ ತೆಗೆದುಕೊಳ್ಳುತ್ತದೆ. ಸೃಷ್ಟಿಸಿದ್ದಕ್ಕಿಂತ, ಸೃಷ್ಟಿಸಿ ಕೈಬಿಟ್ಟದ್ದೇ ಅಲ್ಲಿ ದೊಡ್ಡ ತಪ್ಪು.

ಇದು ದೂರದ ದೇಶದ ಕಲ್ಪನೆ ಎನಿಸಬಹುದು. ರೋಣ ತಾಲ್ಲೂಕಿನವನಾದ ನನಗೆ ಪಕ್ಕದ ನರಗುಂದ ನೆನಪಾಗುತ್ತದೆ.

ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ, 1970ರ ದಶಕದಲ್ಲಿ ಕಾಲುವೆ ನೀರು ಈ ಭಾಗದ ಎರೆಹೊಲಗಳಿಗೆ ಬಂತು. ಮಳೆಯನ್ನೇ ನಂಬಿದ್ದವರಿಗೆ ಅದು ವಿಜ್ಞಾನದ ಕೊಡುಗೆಯೇ. ಜೊತೆಗೆ ಹೈಬ್ರಿಡ್ ಹತ್ತಿಯೂ ಬಂತು. ಆದರೆ ಎರೆಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ಹೆಚ್ಚಾದ ನೀರಿಗೆ ದಾರಿಯಿಲ್ಲದ ಕಡೆ ಹೊಲ ಜವಳಾಯಿತು, ಉಪ್ಪು ಮೇಲೆದ್ದು ಸವಳಾಯಿತು. ಹತ್ತಿಯ ಬೆಲೆ ಕುಸಿಯಿತು. ಅಷ್ಟರಲ್ಲಿ ಸರ್ಕಾರ ಅಭಿವೃದ್ಧಿ ಕರ ಕಟ್ಟಿ ಎಂದಿತು, ನೀರು ಸರಿಯಾಗಿ ತಲುಪದ ಹೊಲಗಳಿಗೂ! ರೈತರು ಬಂಡೆದ್ದರು. 1980ರ ಜುಲೈ 21ರಂದು ಗೋಲಿಬಾರ್ ನಡೆಯಿತು. ನರಗುಂದ, ನವಲಗುಂದಗಳಲ್ಲಿ ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ನೀರು ಬಿಟ್ಟ ಮೇಲೆ ಹೊಲ ಏನಾಯಿತು ಎಂದು ಮೊದಲೇ ಬಂದು ಕೇಳಿದ್ದರೆ?

ಈಗ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಕೆಲಸ ಹುಡುಕುವ ನಮ್ಮ ಅರ್ಜಿಯನ್ನು ಎಷ್ಟೋ ಕಡೆ ಮನುಷ್ಯರಿಗಿಂತ ಮೊದಲು ಸಾಫ್ಟ್‌ವೇರ್ ಓದಿ ಬದಿಗಿಡುತ್ತದೆ. ಏಕೆ ಬದಿಗಿಟ್ಟಿತು ಎಂದರೆ ಉತ್ತರಿಸುವವರು ಯಾರು? ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯಲ್ಲಿ ಗೋಡೆಯ ಮೇಲಿನ ಪರದೆ ಮನೆಯವರ ಮೇಲೆ ಸದಾ ಕಣ್ಣಿಟ್ಟಿರುತ್ತದೆ, ಪ್ರಶ್ನಿಸಿದವರಿಗೆ ಉಳಿಗಾಲವಿಲ್ಲ. ನಮಗೆ ಪ್ರಶ್ನೆ ಕೇಳುವ ಅವಕಾಶ ಇನ್ನೂ ಇದೆ.

ಹಾಗೆ ಕೇಳುವುದು ವಿಜ್ಞಾನದ ವಿರೋಧವೂ ಅಲ್ಲ. 1980ರಲ್ಲಿ ಸರ್ಕಾರವನ್ನು ಎದುರಿಸಿದ ಅದೇ ನರಗುಂದದಲ್ಲಿ, ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸಿ ಎಂದು 2015ರಲ್ಲಿ ರೈತರು ಧರಣಿ ಕೂತರು. ಅವರಿಗೆ ಯೋಜನೆಯೂ ಬೇಕು, ಅದರ ಲೆಕ್ಕ ಕೇಳುವ ಹಕ್ಕೂ ಬೇಕು. ಎಂಜಿನಿಯರಿಂಗ್, ಕೃಷಿ ಪದವಿ ಓದುತ್ತಿರುವ ಗೆಳೆಯರೇ, ನಾಳೆ ಇಂಥ ಯೋಜನೆ ರೂಪಿಸುವವರು ನೀವೇ. ಉದ್ಘಾಟನೆಯಾದ ಮರುವರ್ಷವೂ ಆ ಹೊಲಕ್ಕೊಮ್ಮೆ ಹೋಗಿ ಬನ್ನಿ.