ಮೈಸೂರಿನ ಗಾಡಿ, ಭಾಗ್ಯನಗರದ ಶೆಡ್ಡು: ಹಳೆಯ ಜಾವಾ-ಯೆಜ್ಡಿ ಉಳಿಸಿಕೊಳ್ಳುವುದು ಹೇಗೆ?

ಹೈದರಾಬಾದ್: ಊರು ಬಿಟ್ಟು ಭಾಗ್ಯನಗರಕ್ಕೆ ಬಂದು ನೆಲೆಸಿದ ಕನ್ನಡಿಗರು ತಮ್ಮೊಂದಿಗೆ ಏನೇನು ತಂದರು ಎಂದು ಕೇಳಿದರೆ ಕಾಫಿ ಫಿಲ್ಟರ್, ಉಪ್ಪಿನಕಾಯಿ ಜಾಡಿ, ದೇವರ ಪಟ ಎಂಬ ಉತ್ತರ ಸಾಮಾನ್ಯ. ಆ ಪಟ್ಟಿಗೆ ಸೇರಬೇಕಾದ ಇನ್ನೊಂದು ವಸ್ತು ಮೈಸೂರಿನಲ್ಲಿ ತಯಾರಾದ ಜಾವಾ ಅಥವಾ ಯೆಜ್ಡಿ ಮೋಟಾರ್ ಸೈಕಲ್. ವರ್ಗವಾಗಿ ಬಂದ ನೌಕರರು ಸಾಮಾನಿನ ಲಾರಿಯಲ್ಲಿ ಹಾಕಿಸಿಕೊಂಡೋ, ರೈಲಿನ ಪಾರ್ಸೆಲ್ ಡಬ್ಬಿಯಲ್ಲಿ ಕಳುಹಿಸಿಯೋ ಈ ಗಾಡಿಯನ್ನು ಇಲ್ಲಿಗೆ ತಂದರು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಆ ಬ್ಯಾಂಕುಗಳ ಸಾಲದಿಂದ ಕೊಂಡ ಗಾಡಿಗಳಲ್ಲಿ ಕೆಲವು ಮಾತ್ರ ಇನ್ನೂ ಮನೆಯ ಮುಂದೆ ನಿಂತಿವೆ.

ನಿಂತಿವೆ ಎಂಬುದೇ ಈಗ ಚಿಂತೆಯ ಮಾತು. ಯಜಮಾನರಿಗೆ ಅರವತ್ತು ದಾಟಿದೆ, ಗಾಡಿಗೆ ನಲವತ್ತು ದಾಟಿದೆ. ಮಕ್ಕಳು "ಮಾರಿಬಿಡಿ ಅಪ್ಪಾ" ಎನ್ನುತ್ತಾರೆ. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳುತ್ತಾನೆ. ಇಟ್ಟುಕೊಂಡರೆ ರಸ್ತೆಯಲ್ಲಿ ಓಡುವಂತೆ ಇಟ್ಟುಕೊಳ್ಳಬೇಕು, ಇಲ್ಲವಾದರೆ ಸರಿಯಾದ ಕೈಗೆ ಕೊಡಬೇಕು. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಗಾಡಿಯಲ್ಲಿ ಏನು ಸವೆಯುತ್ತದೆ, ಏನನ್ನು ಬದಲಿಸಬೇಕು ಎಂಬ ತಿಳಿವಳಿಕೆ ಅಗತ್ಯ.

ಯಾದವಗಿರಿಯಿಂದ ಬಂದ ಸದ್ದು

ಜಾವಾ ಮೂಲತಃ ಚೆಕ್ ದೇಶದ ಕಂಪೆನಿ. ಸ್ಥಾಪಕ ಯಾನೆಚೆಕ್ ಅವರ ಹೆಸರಿನ ಮತ್ತು ವಾಂಡರರ್ ಎಂಬ ಜರ್ಮನ್ ಗಾಡಿಯ ಹೆಸರಿನ ಮೊದಲ ಅಕ್ಷರಗಳು ಸೇರಿ 1929ರಲ್ಲಿ ಈ ಹೆಸರು ಹುಟ್ಟಿತು. ಭಾರತದಲ್ಲಿ ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅಂದಿನ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರು ಅದನ್ನು ಉದ್ಘಾಟಿಸಿದರು. 1973ರ ನಂತರ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು. ಜಪಾನಿ ಸಹಯೋಗದ 100 ಸಿ.ಸಿ. ಗಾಡಿಗಳು ಪೇಟೆ ಹಿಡಿದ ಮೇಲೆ ಬೇಡಿಕೆ ಕುಸಿದು 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ಜಾವಾ ಹೆಸರಿನಲ್ಲಿ 2018ರ ನವೆಂಬರ್‌ನಲ್ಲಿ, ಯೆಜ್ಡಿ ಹೆಸರಿನಲ್ಲಿ 2022ರ ಜನವರಿಯಲ್ಲಿ ಹೊಸ ಗಾಡಿಗಳು ಬಂದಿವೆ ನಿಜ. ಆದರೆ ಅವು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಇಂಜಿನ್ನಿನವು, ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೊಸ ಶೋರೂಮಿಗೆ ಹೋಗಿ ಹಳೆಯ ಗಾಡಿಯ ಪಿಸ್ಟನ್ ಕೇಳಿದರೆ ಸಿಗುವುದಿಲ್ಲ. ಹೆಸರು ಒಂದೇ ಆದರೂ ಒಳಗಿನ ಭಾಗಗಳಿಗೆ ನಂಟಿಲ್ಲ.

ಮೊದಲು ಸೀಲ್, ಆಮೇಲೆ ಬೋರ್

ಹಳೆಯ 250 ಸಿ.ಸಿ. ಗಾಡಿಯ ಮಾಲೀಕರು ಹೆಚ್ಚು ಹಣ ಕಳೆದುಕೊಳ್ಳುವುದು ಒಂದು ತಪ್ಪು ತೀರ್ಮಾನದಿಂದ. ಗಾಡಿ ಹೊಗೆ ಬಿಡುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ಕೂಡಲೇ "ಬೋರ್ ಮಾಡಿಸಿ" ಎಂಬ ಸಲಹೆ ಬರುತ್ತದೆ. ಬೋರ್ ಆಗುತ್ತದೆ, ಹೊಸ ಪಿಸ್ಟನ್ ಬೀಳುತ್ತದೆ, ತಿಂಗಳು ಕಳೆಯುವುದರೊಳಗೆ ಅದೇ ಹೊಗೆ, ಅದೇ ಗೋಳು.

ಇದಕ್ಕೆ ಕಾರಣ ತಿಳಿಯಬೇಕಾದರೆ ಟೂ ಸ್ಟ್ರೋಕ್ ಇಂಜಿನ್ನಿನ ಸ್ವಭಾವ ತಿಳಿದಿರಬೇಕು. ಈ ಇಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೇಸೇ ಪಂಪಿನಂತೆ ಕೆಲಸ ಮಾಡಿ ಪೆಟ್ರೋಲ್ ಮತ್ತು ಗಾಳಿಯನ್ನು ಒಳಗೆಳೆದು ಮೇಲಕ್ಕೆ ತಳ್ಳುತ್ತದೆ. ಆ ಪಂಪು ಸೋರಬಾರದು ಎಂದು ಕ್ರ್ಯಾಂಕಿನ ಎರಡೂ ತುದಿಯಲ್ಲಿ ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ಓಡದೆ ನಿಂತ ಗಾಡಿಯಲ್ಲಿಯೂ ವಯಸ್ಸಿನಿಂದ ಈ ರಬ್ಬರ್ ಗಟ್ಟಿಯಾಗುತ್ತದೆ.

ಎಡಗಡೆ, ಅಂದರೆ ಕ್ಲಚ್ ಇರುವ ಬದಿಯ ಸೀಲ್ ಹೋದರೆ ಗೇರ್ ಬಾಕ್ಸಿನ ಆಯಿಲ್ ಇಂಜಿನ್ನಿನೊಳಗೆ ಸೇರಿ ಉರಿಯುತ್ತದೆ. ಬಿಳಿಯ ದಟ್ಟ ಹೊಗೆ ಬರುತ್ತದೆ, ಪ್ಲಗ್ ಒದ್ದೆಯಾಗುತ್ತದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ. ಹೊಗೆಯ ಜತೆ ಗೇರ್ ಆಯಿಲ್ ಕಡಿಮೆಯಾಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಸೀಲನ್ನು, ಬೋರನ್ನು ಅಲ್ಲ.

ಬಲಗಡೆ, ಡೈನಮೋ ಬದಿಯ ಸೀಲ್ ಹೋದರೆ ಅಪಾಯ ಇನ್ನೂ ಹೆಚ್ಚು. ಅಲ್ಲಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲಿನ ಪಾಲು ಕಡಿಮೆಯಾಗಿ, ಅದರಲ್ಲಿ ಬೆರೆತ ಆಯಿಲ್ ಸಹ ಕಡಿಮೆಯಾಗಿ ಇಂಜಿನ್ ಕಾಯುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ನಿನ ಓಟ ಬೇಗ ಇಳಿಯದಿರುವುದು ಇದರ ಗುರುತು. ಗಮನಿಸದೆ ದೂರ ಓಡಿಸಿದರೆ ಪಿಸ್ಟನ್ ಸೀಜ್ ಆಗಿ ಹಿಂದಿನ ಚಕ್ರ ದಿಢೀರನೆ ಹಿಡಿದುಕೊಳ್ಳಬಹುದು. ಔಟರ್ ರಿಂಗ್ ರಸ್ತೆಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಅರವತ್ತರ ವೇಗದಲ್ಲಿ ಹೀಗಾದರೆ ಪರಿಣಾಮ ಏನೆಂದು ಹೇಳಬೇಕಾಗಿಲ್ಲ.

ಸೀಲಿನ ಬೆಲೆ ಚಿಕ್ಕದು, ಬಿಚ್ಚುವ ಕೂಲಿ ದೊಡ್ಡದು. ಆದ್ದರಿಂದ ಯಾವ ಕಾರಣಕ್ಕೆ ಇಂಜಿನ್ ಬಿಚ್ಚಿದರೂ ಎಲ್ಲ ಸೀಲ್ ಮತ್ತು ಗ್ಯಾಸ್ಕೆಟ್‌ಗಳನ್ನು ಒಟ್ಟಿಗೆ ಬದಲಿಸುವುದೇ ಲಾಭ. ಸೈಲೆನ್ಸರ್ ಒಳಗಿನ ಕರಿಯನ್ನೂ ತೆಗೆಸಬೇಕು. ಎರಡು ಸೈಲೆನ್ಸರ್‌ಗಳಲ್ಲಿ ಕರಿ ಕಟ್ಟಿಕೊಂಡರೂ ಗಾಡಿ ಎಳೆಯುವುದಿಲ್ಲ, ಅದಕ್ಕೂ ಬೋರ್ ಮೇಲೆಯೇ ದೂರು ಬೀಳುತ್ತದೆ.

ಇವೆಲ್ಲ ನೋಡಿದ ಮೇಲೂ ಬೋರ್ ಬೇಕೆಂದಾದರೆ ಅಳತೆ ಮಾಡಿಸಿಯೇ ಮುಂದುವರಿಯಬೇಕು. ಮೂಲ ಬೋರ್ 65 ಮಿಲಿಮೀಟರ್. ಕಾಲು ಮಿಲಿಮೀಟರ್ ಲೆಕ್ಕದಲ್ಲಿ ದೊಡ್ಡದು ಮಾಡುತ್ತಾ ಹೋಗಬಹುದಾದರೂ ಅದಕ್ಕೊಂದು ಮಿತಿಯಿದೆ. ಅನಗತ್ಯವಾಗಿ ಮಾಡಿಸಿದ ಪ್ರತಿ ಬೋರ್ ಸಿಲಿಂಡರಿನ ಆಯುಸ್ಸನ್ನು ಅಷ್ಟು ಕಡಿಮೆ ಮಾಡುತ್ತದೆ. ಪಿಸ್ಟನ್ ಕೈಯಲ್ಲಿ ಹಿಡಿದುಕೊಂಡೇ ಲೇತ್ ಅಂಗಡಿಗೆ ಹೋಗಬೇಕು, ಏಕೆಂದರೆ ಬೋರ್ ಮಾಡುವುದು ಆ ಪಿಸ್ಟನ್ನಿನ ಅಳತೆಗೆ.

ಉಳಿದ ಸವೆತಗಳು

ಕಿಕ್ ಹೊಡೆದರೆ ಕೆಲವೊಮ್ಮೆ ಹತ್ತಿ ಕೆಲವೊಮ್ಮೆ ಹತ್ತದಿದ್ದರೆ ಮೊದಲು ಕಾಂಟ್ಯಾಕ್ಟ್ ಪಾಯಿಂಟ್ ನೋಡಬೇಕು. ಪಾಯಿಂಟಿನ ಅಂತರ 0.4 ಮಿಲಿಮೀಟರ್ ಇರಬೇಕು. ಇದನ್ನು ಫೀಲರ್ ಗೇಜಿನಿಂದ ಅಳೆಯಬೇಕೇ ಹೊರತು ಕಣ್ಣಂದಾಜಿನಿಂದಲ್ಲ. ತಣ್ಣಗಿದ್ದಾಗ ಸರಿಯಾಗಿ ಓಡಿ, ಕಾದ ಮೇಲೆ ನಿಂತುಹೋದರೆ ಕಂಡೆನ್ಸರ್ ಮೇಲೆ ಅನುಮಾನ ಪಡಬೇಕು. ಈ ಗಾಡಿಗಳ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. 12 ವೋಲ್ಟಿನ ಬಲ್ಬ್ ಹಾಕಿ ಬೆಳಕಿಲ್ಲ ಎಂದು ದೂರುವವರೂ ಇದ್ದಾರೆ.

ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್ ಆಗುವುದು ಈ ಗಾಡಿಯ ವಿಶೇಷ. ಗೇರ್ ಹಾಕುವಾಗ ಕ್ಲಚ್ ತಾನಾಗಿಯೇ ಬಿಡುವ ವ್ಯವಸ್ಥೆಯೂ ಇದೆ. ಕ್ಲಚ್ ಪ್ಲೇಟಿನ ಕಾರ್ಕ್ ಸವೆದರೆ ಕಿಕ್ ಜಾರುತ್ತದೆ, ಏರಿನಲ್ಲಿ ಇಂಜಿನ್ ಕೂಗಿದರೂ ಗಾಡಿ ಓಡುವುದಿಲ್ಲ. ಪ್ಲೇಟುಗಳನ್ನು ಒಂದೆರಡಲ್ಲ, ಸೆಟ್ಟಾಗಿಯೇ ಬದಲಿಸಬೇಕು. ಸ್ಪ್ರಿಂಗ್‌ಗಳನ್ನೂ ನೋಡಬೇಕು.

ಹಿಂದಿನ ಚೈನ್ ಪೂರ್ತಿ ಮುಚ್ಚಿದ ಕೇಸಿನೊಳಗೆ ಇರುತ್ತದೆ. ಧೂಳು, ಮಳೆ ತಾಗದ ಕಾರಣ ಚೈನ್ ಬಹುಕಾಲ ಬಾಳುತ್ತದೆ. ಆದರೆ ಕಣ್ಣಿಗೆ ಕಾಣದ ಕಾರಣ ಮರೆತೂ ಹೋಗುತ್ತದೆ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಮ್ಮೆಲೇ ಬದಲಿಸಬೇಕು. ಹಳೆಯ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಹೊಸದೂ ಬೇಗ ಸವೆಯುತ್ತದೆ.

ಬ್ರೇಕ್ ವಿಷಯದಲ್ಲಿ ಉಳಿತಾಯ ಸಲ್ಲದು. ಲೈನರ್ ರಿವೆಟ್‌ವರೆಗೆ ಸವೆದರೆ ಡ್ರಮ್ಮಿಗೆ ಗೀರು ಬೀಳುತ್ತದೆ. ಹಳೆಯ ಲೈನರ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುವ ಸಾಧ್ಯತೆ ಇರುವುದರಿಂದ ಡ್ರಮ್ಮಿನ ಧೂಳನ್ನು ಗಾಳಿ ಊದಿ ತೆಗೆಯಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಬ್ರೇಕ್, ಕ್ಲಚ್ ಕೇಬಲ್‌ಗಳಲ್ಲಿ ಒಂದೇ ಒಂದು ಎಳೆ ಬಿಟ್ಟಿದ್ದರೂ ಬದಲಿಸುವುದು ಕ್ಷೇಮ.

ಪೆಟ್ರೋಲ್ ಬದಲಾಗಿದೆ

ಈ ಗಾಡಿಗಳು ತಯಾರಾದಾಗ ಇರದಿದ್ದ ಸಮಸ್ಯೆ ಇಂದಿನ ಪೆಟ್ರೋಲಿನದು. ಶೇ. 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ 2023ರಲ್ಲಿ ಬಂಕುಗಳಿಗೆ ಬರತೊಡಗಿ 2025ರ ಹೊತ್ತಿಗೆ ಎಲ್ಲೆಡೆ ಹರಡಿತು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಹಳೆಯ ಕಬ್ಬಿಣದ ಟ್ಯಾಂಕಿಗೆ ಒಳಗಿನಿಂದ ತುಕ್ಕು, ಹಳೆಯ ರಬ್ಬರ್ ಪೈಪಿಗೆ ಉಬ್ಬು ಮತ್ತು ಬಿರುಕು ಇದರ ಫಲ. ಪೆಟ್ರೋಲ್ ಪೈಪ್ ಮತ್ತು ನಲ್ಲಿಯ ವಾಷರ್‌ಗಳನ್ನು ಎಥೆನಾಲ್ ತಡೆಯುವ ಬಗೆಯವಕ್ಕೆ ಬದಲಿಸಬೇಕು. ತಿಂಗಳಿಗೂ ಹೆಚ್ಚು ಕಾಲ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ಮತ್ತು ಕಾರ್ಬುರೇಟರ್ ಖಾಲಿ ಮಾಡುವುದು ಒಳ್ಳೆಯದು. ಲೀಟರಿಗೆ 40 ಮಿಲಿಲೀಟರ್ 2ಟಿ ಆಯಿಲ್ ಎಂಬ ರೂಢಿಯ ಲೆಕ್ಕ ಮರೆಯಬಾರದು. ಹೊಗೆ ಕಡಿಮೆಯಾಗಲಿ ಎಂದು ಆಯಿಲ್ ಕಡಿತ ಮಾಡುವುದು ಪಿಸ್ಟನ್ನಿಗೆ ಮಾಡುವ ದ್ರೋಹ.

ಸಾಮಾನು ಎಲ್ಲಿ?

ನಗರದಲ್ಲಿ ಸಿಕಂದರಾಬಾದಿನ ರಾಣಿಗಂಜ್, ಕೋಠಿ ಬಳಿಯ ಪುತ್ಲಿಬೌಲಿ ಬಿಡಿಭಾಗಗಳಿಗೆ ಹೆಸರಾದ ಪೇಟೆಗಳು. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಅದೂ ಇಲ್ಲವಾದರೆ ಮೈಸೂರು. ಊರಿಗೆ ಹೋಗುವವರು ಕಾಚಿಗುಡದಿಂದ ರೈಲು ಹತ್ತುವ ಮುನ್ನ ಹಳೆಯ ಭಾಗವನ್ನೇ ಚೀಲದಲ್ಲಿ ಹಾಕಿಕೊಂಡು ಹೋಗುವುದು ಜಾಣತನ. ಮಾಡೆಲ್‌ನಿಂದ ಮಾಡೆಲ್‌ಗೆ ವ್ಯತ್ಯಾಸ ಇರುವುದರಿಂದ ಬಾಯಿ ಮಾತಿನ ವಿವರಣೆ ಸಾಲದು. ಕಂಪೆನಿಯ ಹಳೆಯ ದಾಸ್ತಾನು ಎಂದು ಮಾರುವ ಎಲ್ಲವೂ ಹಳೆಯ ದಾಸ್ತಾನಲ್ಲ. ಇನ್ನು ನಿಜವಾಗಿಯೂ ಹಳೆಯದಾದ ರಬ್ಬರ್ ಸಾಮಾನು ಡಬ್ಬಿಯಲ್ಲೇ ಗಟ್ಟಿಯಾಗಿರುತ್ತದೆ. ಲೋಹದ ಭಾಗ ಹಳೆಯದಿರಲಿ, ಸೀಲ್ ಮಾತ್ರ ಹೊಸದಿರಲಿ.

ಕಾಗದ ಪತ್ರವೂ ಸವೆಯುತ್ತದೆ

ಗಾಡಿಯಷ್ಟೇ ಮುಖ್ಯ ಅದರ ಆರ್.ಸಿ. ಮೊದಲ 15 ವರ್ಷಗಳ ನಂತರ ಪ್ರತಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 20 ವರ್ಷ ಮೀರಿದ ಮೋಟಾರ್ ಸೈಕಲ್ಲಿನ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ 2,000 ರೂಪಾಯಿಗೆ ಏರಿಸಿದೆ. ಕರ್ನಾಟಕದ ನಂಬರಿನ ಗಾಡಿ 12 ತಿಂಗಳಿಗೂ ಹೆಚ್ಚು ಕಾಲ ಇಲ್ಲೇ ಇರುವುದಾದರೆ ಅಲ್ಲಿನ ಆರ್.ಟಿ.ಓ.ದಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿನ ನಂಬರ್ ಪಡೆಯಬೇಕು. 2014ರಿಂದ ಟಿಎಸ್ ಇದ್ದದ್ದು 2024ರ ಮಾರ್ಚ್‌ನಿಂದ ಟಿಜಿ ಆಗಿದೆ.

50 ವರ್ಷ ಮೀರಿ, ಮೂಲ ರೂಪದಲ್ಲೇ ಉಳಿದ ಗಾಡಿಗೆ 2021ರ ನಿಯಮದಂತೆ 'ವಿಎ' ಸರಣಿಯ ವಿಂಟೇಜ್ ನೋಂದಣಿ ಸಾಧ್ಯ. ಶುಲ್ಕ 20,000 ರೂಪಾಯಿ. ಆದರೆ ಅಂಥ ಗಾಡಿಯನ್ನು ದಿನನಿತ್ಯ ತರಕಾರಿ ತರಲು ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿಯಂಥ ಕೆಲಸಕ್ಕೆ ಮಾತ್ರ. ಯಾವುದು ಬೇಕೆಂದು ಯೋಚಿಸಿ ಅರ್ಜಿ ಹಾಕುವುದು ಒಳಿತು.

ಇಂಜಿನ್ ಕೇಸ್ ಒಡೆದಿದೆ ಎಂದು ಗುಜರಿಯಿಂದ ಬೇರೊಂದನ್ನು ತಂದು ಕೂರಿಸುವವರು ಎಚ್ಚರದಿಂದಿರಬೇಕು. ಅದರ ಮೇಲಿನ ನಂಬರ್ ಆರ್.ಸಿ.ಗೆ ಹೊಂದದಿದ್ದರೆ ನವೀಕರಣ ನಿಂತುಹೋಗುತ್ತದೆ. ಆ ಕೇಸ್ ಕಳವಿನ ಗಾಡಿಯದಾಗಿದ್ದರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ. ಒಡೆದ ಕೇಸನ್ನು ಅಲ್ಯೂಮಿನಿಯಂ ವೆಲ್ಡಿಂಗ್ ಮಾಡಿಸಲು ಸಾಧ್ಯವೇ ಎಂದು ಮೊದಲು ನೋಡಬೇಕು.

ಸಂಘಗಳು ಮಾಡಬಹುದಾದ್ದು

ಇಷ್ಟೆಲ್ಲ ಹೇಳಿದ ಮೇಲೂ ಉಳಿಯುವ ದೊಡ್ಡ ಕೊರತೆ ಬಿಡಿಭಾಗದ್ದಲ್ಲ, ಕೈಗಳದ್ದು. ಕಿವಿಗೊಟ್ಟು ಕೇಳಿಯೇ ಬೇರಿಂಗ್ ಸದ್ದು ಯಾವುದು, ಪಿಸ್ಟನ್ ಸದ್ದು ಯಾವುದು ಎಂದು ಹೇಳಬಲ್ಲ ಉಸ್ತಾದರಿಗೂ ವಯಸ್ಸಾಗಿದೆ. ಅವರ ಮಕ್ಕಳು ಈ ಕೆಲಸಕ್ಕೆ ಬರುವುದು ಅಪರೂಪ. ಮೈಸೂರಿನ ಕಾರ್ಖಾನೆಯಲ್ಲಿ ದುಡಿದವರಲ್ಲಿ ಕೊನೆಯ ಬ್ಯಾಚಿನವರೂ ಈಗ ಹಿರಿಯರು.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರವೂ ಸೇರಿದಂತೆ ನಗರದ ಕನ್ನಡ ಸಂಸ್ಥೆಗಳು ರಾಜ್ಯೋತ್ಸವ, ಯುಗಾದಿಗೆ ಜನರನ್ನು ಸೇರಿಸುತ್ತವೆ. ಜುಲೈ ತಿಂಗಳ ಎರಡನೇ ಭಾನುವಾರ ಅನೇಕ ನಗರಗಳಲ್ಲಿ ಜಾವಾ-ಯೆಜ್ಡಿ ದಿನ ನಡೆಯುತ್ತದೆ. ಆ ದಿನ ಸದಸ್ಯರ ಗಾಡಿಗಳನ್ನು ಒಂದೆಡೆ ಸೇರಿಸಿ, ಒಬ್ಬ ಉಸ್ತಾದರನ್ನು ಕರೆಸಿ ಸನ್ಮಾನಿಸಿ, ಸೀಲ್ ಬದಲಿಸುವ ಬಗೆಯನ್ನು ನಾಲ್ಕು ಹುಡುಗರಿಗೆ ತೋರಿಸಲು ಹೆಚ್ಚಿನ ಖರ್ಚೇನೂ ಇಲ್ಲ. ಯಾರ ಬಳಿ ಯಾವ ಭಾಗ ಹೆಚ್ಚಾಗಿದೆ, ಯಾರಿಗೆ ಯಾವುದು ಬೇಕು ಎಂಬ ಒಂದು ಪುಸ್ತಕವನ್ನು ಸಂಘದ ಕಚೇರಿಯಲ್ಲಿ ಇಟ್ಟರೆ ಗುಜರಿಗೆ ಹೋಗುವ ಎಷ್ಟೋ ಸಾಮಾನು ಉಳಿಯುತ್ತದೆ.

ಇನ್ನು ಓಡಿಸಲು ಆಗದವರು ಗಾಡಿಯನ್ನು ಮಳೆಯಲ್ಲಿ ಕೊಳೆಯಲು ಬಿಡುವುದಕ್ಕಿಂತ, ಆರ್.ಸಿ. ಸರಿಪಡಿಸಿ, ಓಡಿಸಬಲ್ಲವರ ಹೆಸರಿಗೆ ವರ್ಗಾಯಿಸುವುದು ಮೇಲು. ಮಾರುವ ಮುನ್ನ ಇದುವರೆಗೆ ಯಾವ ಭಾಗ, ಯಾವಾಗ ಬದಲಾಯಿತು, ಬೋರ್ ಈಗ ಯಾವ ಅಳತೆಯಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದು ಕೀಲಿಕೈ ಜತೆ ಕೊಡಬೇಕು. ಮುಂದಿನ ಮಾಲೀಕನಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.